ಬೀಟೆ ಮರದ ಜೋಡಿ ದೌತಿ ಸ್ಟ್ಯಾಂಡ್: ಎಪಾಕ್ಸಿ ಕಿತ್ತು ಪ್ಲಾಸ್ಟರ್ ಹಾಕಿದ್ದು

ವಸ್ತು ಇಷ್ಟು: ಬೀಟೆ ಮರದ ಒಂದು ಹಲಗೆ. ಅದರ ಮೇಲೆ ಎರಡು ಚೌಕ ಗಾಜಿನ ದೌತಿ (ಮಸಿ ಕುಡಿಕೆ), ಎರಡಕ್ಕೂ ಕೀಲಿರುವ ಹಿತ್ತಾಳೆ ಮುಚ್ಚಳ. ನಡುವೆ ಎತ್ತಿಕೊಳ್ಳಲು ಹಿತ್ತಾಳೆಯ ಹಿಡಿ. ಮುಂದುಗಡೆ ಪೆನ್ನು ಇಡಲು ಉದ್ದನೆಯ ತೋಡು. ಎಡಗಡೆ ಕಪ್ಪು ಮಸಿ, ಬಲಗಡೆ ಕೆಂಪು ಮಸಿ. ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ, ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ. 3,500 ಅಂದರು, 1,800 ರೂಪಾಯಿಗೆ ಬಂತು.

ಬೆಲೆ ಇಳಿದದ್ದಕ್ಕೆ ಕಾರಣ ಇತ್ತು. ಮರ ಸೀಳಿತ್ತು. ಎಡಗಡೆ ಮುಚ್ಚಳ ಕೀಲಿನಲ್ಲಿ ಜಡಿದು ಹೋಗಿ ತೆಗೆಯಲು ಬರುತ್ತಿರಲಿಲ್ಲ. ಬಲಗಡೆ ಮುಚ್ಚಳವನ್ನು ಯಾರೋ ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿಯಿಂದ ಗಾಜಿಗೆ ಅಂಟಿಸಿದ್ದರು, ಅದೂ ಸೊಟ್ಟಗೆ. ಹಳೇ ದೌತಿ, ಬ್ಲಾಟರ್ (ಬರೆದ ಮಸಿ ಹೀರಲು ಒತ್ತುವ ಸಾಧನ), ಪೇಪರ್‌ವೇಟ್ ಕೂಡಿಡುವವರಿಗೆ ಇದು ಗೊತ್ತಿರುತ್ತದೆ. ವಸ್ತು ತಾನಾಗಿ ಕೆಟ್ಟದ್ದು ಕಡಿಮೆ, ಕೆಟ್ಟದ್ದನ್ನು ಯಾರೋ ಸರಿಮಾಡಲು ಹೋಗಿ ಆದ ಹಾಳೇ ಜಾಸ್ತಿ.

ಅದಕ್ಕೆ ಮೊದಲೇ ಒಂದು ನಿಯಮ ಹಾಕಿಕೊಂಡೆ. ನಾನು ಹಾಕುವ ಅಂಟಾಗಲಿ, ಪಾಲಿಶ್ ಆಗಲಿ, ಮುಂದೆ ಯಾರಾದರೂ ಬರೀ ನೀರಿನಲ್ಲೋ ಸ್ಪಿರಿಟ್‌ನಲ್ಲೋ ಬಿಡಿಸುವಂತಿರಬೇಕು. ಒಂದು ಕಡೆ ಈ ನಿಯಮ ಮುರಿದೆ, ಅದು ಹಂತ 5ರಲ್ಲಿ ಬರುತ್ತದೆ.

ಹಂತ 1: ಅಳತೆ, ಫೋಟೋ, ಅನುಮಾನ

ಬಿಚ್ಚುವ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೆದೆ. ಸ್ಕ್ರೂಗಳನ್ನು ಅವು ಇದ್ದ ಜಾಗದ ಲೆಕ್ಕದಲ್ಲಿ ರಟ್ಟಿಗೆ ಚುಚ್ಚಿಟ್ಟೆ. ಕೈಯಿಂದ ಕೂರಿಸಿದ ಹಳೇ ಸ್ಕ್ರೂ ತನ್ನ ತೂತು ಬಿಟ್ಟು ಬೇರೆ ತೂತಿಗೆ ಸರಿಯಾಗಿ ಕೂರುವುದಿಲ್ಲ.

ಹಲಗೆ 280 × 170 ಮಿಮೀ, ದಪ್ಪ 22. ದೌತಿ ಕೂರುವ ಗುಳಿಗಳು 55 ಮಿಮೀ ಚೌಕ. ಎಡಗಡೆ ದೌತಿ 54, ಗುಳಿಗೆ ಸರಿಯಾಗಿದೆ. ಬಲಗಡೆಯದು 50 ಮಾತ್ರ, ಸುತ್ತ ರಟ್ಟಿನ ಚೂರು ತುರುಕಿ ಬಿಗಿ ಮಾಡಿದ್ದರು. ವರ್ನಿಯರ್ ಇಟ್ಟಾಗಲೇ ಅನುಮಾನ ಬಂತು. ಬೆಳಕಿಗೆ ಹಿಡಿದು ನೋಡಿದರೆ ಎಡಗಡೆಯದರ ಅಂಚುಗಳು ಚೂಪು, ತಳದಲ್ಲಿ ನಕ್ಷತ್ರದ ಕೆತ್ತನೆ, ಒತ್ತಿದರೆ ಬೆರಳಿಗೆ ಕೊರೆಯುತ್ತದೆ. ಅಂದರೆ ಚಕ್ರಕ್ಕೆ ಹಿಡಿದು ಕೊರೆದ ಗಾಜು. ಬಲಗಡೆಯದರ ಮೂಲೆಗಳು ನುಣ್ಣಗೆ ಗುಂಡಾಗಿವೆ, ಎರಡು ಎದುರು ಮೂಲೆಗಳಲ್ಲಿ ಅಚ್ಚಿನ ಗೆರೆ ಸಣ್ಣಗೆ ಕಾಣುತ್ತದೆ. ಅದು ಅಚ್ಚಿಗೆ ಒತ್ತಿ ಮಾಡಿದ್ದು. ಮೂಲ ದೌತಿ ಒಡೆದು, ಬೇರೆ ಯಾವುದೋ ಸೆಟ್ಟಿನ ದೌತಿ ತಂದು ಕೂರಿಸಿದ್ದಾರೆ.

ಮಾರಿದವರು ಮಾತ್ರ "ಎರಡೂ ಬೆಲ್ಜಿಯಂ ಗ್ಲಾಸ್ ಅಣ್ಣಾ" ಅಂದಿದ್ದರು. ಬೆಂಗಳೂರಿನ ಸಂತೆಯಲ್ಲಿ ಹಳೇ ಗಾಜೆಲ್ಲ ಬೆಲ್ಜಿಯಂನಿಂದಲೇ ಬಂದಿರುತ್ತದೆ!

ಕಾಲ ಯಾವುದು? ಮುದ್ರೆ, ಹೆಸರು ಎಲ್ಲೂ ಇಲ್ಲ. ಸ್ಕ್ರೂಗಳೆಲ್ಲ ಒಂದೇ ಗೀಟಿನವು. ಪ್ಲಸ್ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಆದರೆ ಒಂದೇ ಗೀಟಿನ ಸ್ಕ್ರೂ ಇವತ್ತೂ ಸಿಗುತ್ತದೆ, ಹಾಗಾಗಿ ಅದರಿಂದ ಏನೂ ಸಾಬೀತಾಗುವುದಿಲ್ಲ. ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದದ್ದು 1884ರಲ್ಲಿ. ಆದರೂ ನಮ್ಮ ಕಚೇರಿ, ಶಾಲೆಗಳಲ್ಲಿ ಅದ್ದಿ ಬರೆಯುವ ಪೆನ್ನು ಸ್ವಾತಂತ್ರ್ಯದ ನಂತರವೂ ಇತ್ತು. ಬರೀ ಆಕಾರ ನೋಡಿ ಇಂಥ ವಸ್ತುವಿಗೆ "150 ವರ್ಷ ಹಳೆಯದು" ಎಂದು ಚೀಟಿ ಅಂಟಿಸುವವರನ್ನು ನಂಬಬೇಡಿ.

ಹಂತ 2: ಎಪಾಕ್ಸಿ ಬಿಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದೇ.

ಇಂಥ ದೌತಿಯ ರಚನೆ ಮೊದಲು ಹೇಳುತ್ತೇನೆ. ಗಾಜಿನ ಕತ್ತಿನ ಸುತ್ತ ಒಂದು ಹಿತ್ತಾಳೆ ಬಳೆ ಕೂರುತ್ತದೆ. ಮುಚ್ಚಳದ ಕೀಲು ಇರುವುದು ಆ ಬಳೆಗೆ. ಗಾಜಿಗೂ ಬಳೆಗೂ ನಡುವೆ ಸಣ್ಣ ಸಂದು ಬಿಟ್ಟು, ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬುತ್ತಿದ್ದರು. ನನ್ನ ಎಡಗಡೆ ದೌತಿಯಲ್ಲಿ ಆ ಹಳೇ ಪ್ಲಾಸ್ಟರ್ ಇನ್ನೂ ಇತ್ತು. ಅಲ್ಲಲ್ಲಿ ಪುಡಿಯಾಗಿತ್ತು, ಮಸಿ ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ರಾತ್ರಿ ನೀರಿನಲ್ಲಿ ನೆನೆಹಾಕಿದೆ. ಬೆಳಗ್ಗೆ ಮರದ ಕಡ್ಡಿಯಿಂದ ಕೆದಕಿದರೆ ಸುಮ್ನೆ ಉದುರಿತು. ಬಳೆ ಕೈಗೆ ಬಂತು.

ಬಲಗಡೆಯದು ಎಪಾಕ್ಸಿ. ಮೊದಲು ಹಳೇ ಬ್ಲೇಡು. ಹೊರಗೆ ಉಬ್ಬಿದ್ದ ಪುಟ್ಟಿ ಸ್ವಲ್ಪ ಕೆರೆದು ಹೋಯಿತು, ಒಳಗಿನ ಸಂದಿಗೆ ಬ್ಲೇಡು ಇಳಿಯಲೇ ಇಲ್ಲ. ಜೊತೆಗೆ ಹಿತ್ತಾಳೆಯ ಮೇಲೆ ಒಂದು ಗೀರು ಬಿತ್ತು. ಇವತ್ತಿಗೂ ಕಾಣುತ್ತದೆ.

ಆಮೇಲೆ ಅಸಿಟೋನ್. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ದೌತಿಯನ್ನು ತಲೆಕೆಳಗಾಗಿ ಇಟ್ಟು, ಬಳೆ ಮುಳುಗುವಷ್ಟು ಸುರಿದು, ಮಹಡಿ ಮೇಲೆ ನೆರಳಿನಲ್ಲಿ ಬಿಟ್ಟೆ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಇರುವ ಕಡೆ ಇದನ್ನು ಮಾಡಬೇಡಿ. ಪುಟ್ಟಿಯ ಅಂಚು ಒಂದೆರಡು ಮಿಮೀ ಮೆತ್ತಗಾಯಿತು, ಅಷ್ಟೇ. ಒಳಗೆ ಕಲ್ಲು. ಗಟ್ಟಿಯಾದ ಎಪಾಕ್ಸಿ ಅಸಿಟೋನ್‌ನಲ್ಲಿ ಕರಗುವುದಿಲ್ಲ, ಸ್ವಲ್ಪ ಊದುತ್ತದೆ ಮಾತ್ರ.

ಹೇರ್ ಡ್ರೈಯರ್ ಹಿಡಿಯೋಣ ಎಂದುಕೊಂಡೆ. ಹಿಡಿದು ಅರ್ಧ ನಿಮಿಷಕ್ಕೇ ನಿಲ್ಲಿಸಿದೆ. ಒಂದೇ ಕಡೆ ಬಿಸಿಯಾದರೆ ದಪ್ಪ ಗಾಜು ಸೀಳುತ್ತದೆ. ಈ ದೌತಿಯ ತಳ 9 ಮಿಮೀ, ಗೋಡೆ 5 ಮಿಮೀ.

ಕೆಲಸ ಆದದ್ದು ನೀರಿನ ಪಾತ್ರೆಯಲ್ಲಿ. ಹಳೇ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಂಡೆ. ಅದು ಮತ್ತೆ ಅಡುಗೆಗೆ ಬರಲ್ಲ, ಮನೆಯಲ್ಲಿ ಮೊದಲೇ ಹೇಳಿಬಿಡಿ. ಅಸಿಟೋನ್ ಪೂರ್ತಿ ಆರಿದ ಮೇಲೆ, ಪಾತ್ರೆಯ ತಳಕ್ಕೆ ಬಟ್ಟೆ ಮಡಿಸಿ ಹಾಕಿ, ದೌತಿಯೊಳಗೂ ನೀರು ತುಂಬಿಸಿ ಇಟ್ಟೆ. ತಣ್ಣೀರಿನಿಂದಲೇ ಶುರು. ಉರಿ ಎಷ್ಟು ಸಣ್ಣದಾಗುತ್ತೋ ಅಷ್ಟು ಸಣ್ಣದು. ಅಡುಗೆಯ ಡಿಜಿಟಲ್ ಥರ್ಮಾಮೀಟರ್ ನೀರಿನಲ್ಲೇ ಇತ್ತು. 80 ಡಿಗ್ರಿಗೆ ಬರಲು ಒಂದು ಗಂಟೆಯಾದರೂ ಬೇಕು, ಅವಸರ ಮಾಡುವಂತಿಲ್ಲ. ಬಿಸಿಗೆ ಹಿತ್ತಾಳೆ ಗಾಜಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬಳೆ ತಾನೇ ಸ್ವಲ್ಪ ಸಡಿಲವಾಗುತ್ತದೆ, ಎಪಾಕ್ಸಿಯೂ ಮೆತ್ತಗಾಗುತ್ತದೆ. ಎರಡೂ ನಮ್ಮ ಕಡೆಗೇ.

60 ಡಿಗ್ರಿಯಲ್ಲಿ ಸೂಜಿ ಒತ್ತಿ ನೋಡಿದೆ, ಇಳಿಯಲಿಲ್ಲ. 80 ದಾಟಿದ ಮೇಲೆ ಪುಟ್ಟಿಯ ಅಂಚು ಬಿಸಿ ಚಿಕ್ಕಿಯ ಹಾಗೆ ಬಾಗತೊಡಗಿತು. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು, ಬಳೆಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ ತಿರುಗಿಸಿದೆ. ಮೊದಲು ಒಂದು ಕೂದಲಿನಷ್ಟು ಅಲುಗಿತು. ಮತ್ತೆ ನೀರಿಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದೆ. ಟಕ್ ಎಂದು ಸುತ್ತಿತು. ಬಳೆ ಎತ್ತಿದ ಮೇಲೆ ಗಾಜನ್ನು ಹೊರಗೆ ತೆಗೆಯಲಿಲ್ಲ. ಒಲೆ ಆರಿಸಿ ಅದೇ ನೀರಿನಲ್ಲಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಬಿಸಿ ಗಾಜನ್ನು ತಣ್ಣನೆಯ ಗ್ರಾನೈಟ್ ಮೇಲೆ ಇಟ್ಟರೆ ಅಲ್ಲಿಗೆ ಮುಗಿಯಿತು.

ಕತ್ತಿಗೆ ಅಂಟಿ ಉಳಿದ ಪುಟ್ಟಿಯನ್ನು ಬಿದಿರಿನ ಕಡ್ಡಿ ಮತ್ತು ಹಲ್ಲಿನ ಡಾಕ್ಟರರ ಹಳೇ ಕೊಕ್ಕೆಯಿಂದ ಬಿಡಿಸಿದೆ. ಅದರ ಕೆಳಗೆ ಬಿಳಿ ಪುಡಿ ಸಿಕ್ಕಿತು. ಇದೂ ಮೊದಲು ಪ್ಲಾಸ್ಟರ್‌ನಲ್ಲೇ ಕೂತಿದ್ದ ದೌತಿ.

ಹಂತ 3: ಒಣಗಿದ ಮಸಿ

ಎರಡು ದೌತಿ, ಎರಡು ಬೇರೆ ಕಥೆ.

ಕೆಂಪು ಮಸಿಯದು ಸುಲಭ. 1874ರಲ್ಲಿ ಇಯೋಸಿನ್ ಎಂಬ ಬಣ್ಣ ಕಂಡುಹಿಡಿದ ಮೇಲೆ ಕೆಂಪು ಮಸಿಗೆ ಅದನ್ನು ತುಂಬಾ ಬಳಸಿದರು. ಅದು ನೀರಿನಲ್ಲಿ ಕರಗುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ ಬಿಟ್ಟೆ. ಸಂಜೆಗೆ ದೌತಿ ಖಾಲಿ, ಬಚ್ಚಲು ಕೆಂಪು.

ಕಪ್ಪು ಮಸಿ ಹಾಗಲ್ಲ. ತಳದಲ್ಲಿ 4 ಮಿಮೀ ಹೆಕ್ಕಳೆ, ಗೋಡೆಗೆ ಕಪ್ಪು ಪೊರೆ. ಕಬ್ಬಿಣ ಸೇರಿದ ಮಸಿ ಅದು. ಓಕ್ ಮರದ ಗಂಟುಕಾಯಿಯ ಒಗರು ಮತ್ತು ಫೆರಸ್ ಸಲ್ಫೇಟ್ ಸೇರಿಸಿ, ಅಂಟು ಹಾಕಿ ಮಾಡುತ್ತಿದ್ದರು. ನಮ್ಮ ಕಡೆ ಅಳಲೆಕಾಯಿ ಮತ್ತು ಅನ್ನಭೇದಿಯಿಂದ (ಅದೂ ಫೆರಸ್ ಸಲ್ಫೇಟೇ) ಮಾಡುತ್ತಿದ್ದ ಮಸಿಯೂ ಇದೇ ಜಾತಿ. ಗಾಳಿ ತಗುಲಿದ ಮೇಲೆ ಕಪ್ಪಾಗಿ, ನೀರಿಗೆ ಜಗ್ಗದಂತಾಗುತ್ತದೆ. ದಾಖಲೆ ಬರೆಯಲು ಅದನ್ನು ಬಳಸಿದ್ದೇ ಅದಕ್ಕೆ.

ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಅಡುಗೆ ಸೋಡಾ ಯಾವುದಕ್ಕೂ ಬಗ್ಗಲಿಲ್ಲ. ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕಿದೆ. ಸಡಿಲವಿದ್ದ ಹೆಕ್ಕಳೆ ಹೊರಬಂತು, ಪೊರೆ ಹಾಗೇ ಉಳಿಯಿತು. ಮರಳು ಹಾಕಬೇಡಿ, ಗಾಜು ಗೀರಾಗುತ್ತದೆ.

ಕೊನೆಗೆ ಆಕ್ಸಾಲಿಕ್ ಆಸಿಡ್. ಕಲ್ಲಿನ ನೆಲ ಪಾಲಿಶ್ ಮಾಡುವವರು ಬಳಸುವ ಬಿಳಿ ಹರಳು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ವಿಷ, ನೆನಪಿರಲಿ. ಗ್ಲೌಸ್ ಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಪುಡಿ ಮೂಗಿಗೆ ಹೋಗಬಾರದು. 100 ಮಿಲೀ ನೀರಿಗೆ 5 ಗ್ರಾಂ ಹಾಕಿದೆ. ಕಪ್ಪು ಪೊರೆ ಕಣ್ಣೆದುರಿಗೇ ಹಳದಿಯಾಗಿ ಕರಗಿತು. ಆದರೆ ತೊಳೆದು ಒಣಗಿಸಿದ ಮೇಲೆ ಒಳಗೆಲ್ಲ ಬಿಳಿ ಮಸುಕು! ಗಾಜೇ ಕೊರೆದು ಹೋಯಿತೇನೋ ಎಂದು ಹೆದರಿದೆ.

ತಪ್ಪು ನೀರಿನದು. ನಮ್ಮ ಮನೆಯದು ಬೋರ್‌ವೆಲ್ ನೀರು, ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಾಲಿಕ್ ಆಸಿಡ್ ಜೊತೆ ಸೇರಿ, ಕರಗದ ಬಿಳಿ ಪುಡಿಯಾಗಿ ಗಾಜಿಗೆ ಕೂತಿತ್ತು. ವಿನೆಗರ್ ಹಾಕಿ ನೋಡಿದೆ, ಒಂದಿಷ್ಟೂ ಹೋಗಲಿಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಅಂಥ ಮೆತ್ತಗಿನ ಆಸಿಡ್‌ಗೆ ಕರಗುವುದಿಲ್ಲ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬೇಕಾಯಿತು. ಹತ್ತು ಭಾಗ ನೀರಿಗೆ ಒಂದು ಭಾಗ ಆಸಿಡ್. ನೀರಿಗೇ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಮಹಡಿ ಮೇಲೆ, ಗಾಳಿಗೆ ಬೆನ್ನು ಕೊಟ್ಟು ಮಾಡಿದೆ. ಮಸುಕು ಐದು ನಿಮಿಷದಲ್ಲಿ ಹೋಯಿತು. ಹಿತ್ತಾಳೆ ಭಾಗಗಳನ್ನು ಕೆಳಗಿನ ಮನೆಯಲ್ಲಿ ಇಟ್ಟಿದ್ದೆ. ಆ ಆಸಿಡ್‌ನ ಆವಿ ಸಾಕು ಲೋಹ ಕಪ್ಪಾಗಲು.

ಮೂಲೆಗಳಲ್ಲಿ ಉಳಿದಿದ್ದ ಮಸಿಗೆ ಮತ್ತೆ ಆಕ್ಸಾಲಿಕ್ ಹಾಕಿದೆ, ಈ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ. ತೊಳೆದದ್ದೂ ಅದರಲ್ಲೇ. ಲೀಟರಿಗೆ 30 ರೂಪಾಯಿ. ಮೊದಲೇ ಇದನ್ನು ತಂದಿದ್ದರೆ ಬಚ್ಚಲ ಆಸಿಡ್ ಮುಟ್ಟುವ ಪ್ರಮೇಯವೇ ಇರಲಿಲ್ಲ.

ಹಂತ 4: ಹಿತ್ತಾಳೆ

ಅಮ್ಮ ಹೇಳಿದ್ದು ಹುಣಸೆಹಣ್ಣು. ಬಲಗಡೆ ಬಳೆಗೆ ಅದನ್ನೇ ಹಾಕಿ ಉಜ್ಜಿದೆ. ಕಿಲುಬು ಹೋಯಿತು, ಆದರೆ ಬಣ್ಣ ಗುಲಾಬಿಗೆ ತಿರುಗಿತು. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆಯ ಮೇಲ್ಮೈಯಲ್ಲಿ ಸತು ಹೋಗಿ ತಾಮ್ರ ಎದ್ದು ಕಾಣುತ್ತದೆ. ದಿನಾ ತಿಕ್ಕುವ ದೇವರ ದೀಪಕ್ಕೆ ಇದು ತೊಂದರೆಯಲ್ಲ, ಹಳೇ ವಸ್ತುವಿಗೆ ತೊಂದರೆ. ಮೆಟಲ್ ಪಾಲಿಶ್ ಹಾಕಿ ಬಟ್ಟೆಯಲ್ಲಿ ಉಜ್ಜಿ ಆ ಗುಲಾಬಿ ತೆಗೆಯಬೇಕಾಯಿತು. ಈಗ ಬಲಗಡೆ ಮುಚ್ಚಳ ಎಡಗಡೆಯದಕ್ಕಿಂತ ಹೊಸದಾಗಿ ಕಾಣುತ್ತದೆ. ಒಂದೆರಡು ಮಳೆಗಾಲ ಕಳೆದರೆ ಸರಿಹೋದೀತು.

ಎಡಗಡೆಯದಕ್ಕೆ ಹುಳಿ ಮುಟ್ಟಿಸಲಿಲ್ಲ. ಹಸಿರು ಕಿಲುಬನ್ನು ಬಿದಿರು ಕಡ್ಡಿಯಿಂದ ಕೆದಕಿ, ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಕಂದು ಬಣ್ಣ ಹಾಗೇ ಉಳಿಯಿತು. ನನಗೆ ಅದೇ ಚೆಂದ.

ಜಡಿದ ಕೀಲಿಗೆ ಬಂದರೆ, ಒಳಗಿನ ಕಡ್ಡಿ ಕಬ್ಬಿಣದ್ದು. ಯಾರೋ ಹಿಂದೆ ಮೊಳೆ ಕತ್ತರಿಸಿ ಹಾಕಿದ್ದಾರೆ. ಮಸಿಯ ಹುಳಿಗೆ ಅದು ತುಕ್ಕು ಹಿಡಿದು ಉಬ್ಬಿತ್ತು. ಎರಡೂ ತುದಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಸೀಸದ ತುಂಡಿನ ಮೇಲೆ ಕೀಲು ಇಟ್ಟು, 1 ಮಿಮೀ ಪಂಚ್‌ನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ. ಕಡ್ಡಿ ಅರ್ಧಕ್ಕೆ ಬಂದು ಮುರಿಯಿತು. ಉಳಿದರ್ಧವನ್ನು ಕೈಯಲ್ಲಿ ತಿರುಗಿಸುವ ಡ್ರಿಲ್‌ನಿಂದ, 0.9 ಮಿಮೀ ಬಿಟ್ ಹಾಕಿ ಪುಡಿ ಮಾಡಿ ತೆಗೆದೆ. ಮಷೀನ್ ಡ್ರಿಲ್ ಬೇಡ, ಬಿಟ್ ಕಬ್ಬಿಣ ಬಿಟ್ಟು ಮೆತ್ತಗಿನ ಹಿತ್ತಾಳೆ ಕಡೆಗೆ ಜಾರುತ್ತದೆ.

ಹೊಸ ಕಡ್ಡಿಗೆ 1.2 ಮಿಮೀ ಹಿತ್ತಾಳೆ ತಂತಿ, ನಗರ್ತಪೇಟೆಯಿಂದ. ಜೊತೆಗೆ ಮುಚ್ಚಳದ ಒಂದು ಬಿರುಕಿಗೆ ಬೆಸುಗೆ ಹಾಕಿಸೋಣ ಎಂದು ಅಲ್ಲೇ ಒಬ್ಬರು ಪಾತ್ರೆ ಕೆಲಸದವರ ಹತ್ತಿರ ಹೋದೆ. ಅವರು ತಿರುಗಿಸಿ ನೋಡಿ, "ಸ್ವಾಮಿ, ಬೆಂಕಿ ತೋರಿಸಿದ್ರೆ ಈ ಬಣ್ಣ ಪೂರ್ತಿ ಹೋಗ್ತದೆ. ಬಿರುಕು ಬೆಳೀತಾ ಇಲ್ಲ, ಸುಮ್ನೆ ಬಿಡಿ" ಎಂದರು. ಕಾಸೂ ತೆಗೆದುಕೊಳ್ಳಲಿಲ್ಲ. ಬಿಟ್ಟೆ.

ತಂತಿಯ ಒಂದು ತುದಿಯನ್ನು ಅರದಿಂದ ಸ್ವಲ್ಪ ಚೂಪು ಮಾಡಿ ತಳ್ಳಿದೆ. ಎರಡೂ ಕಡೆ 0.5 ಮಿಮೀ ಹೊರಗೆ ಬಿಟ್ಟು ಕತ್ತರಿಸಿ, ತಟ್ಟಿ ತಲೆ ಮಾಡಿದೆ. ಮುಚ್ಚಳ ಈಗ ಎತ್ತಿದಲ್ಲಿ ನಿಲ್ಲುತ್ತದೆ.

ಹಂತ 5: ಮರ

ಹಲಗೆಯ ಸೀಳು 95 ಮಿಮೀ ಉದ್ದ, ತುದಿಯಲ್ಲಿ 1 ಮಿಮೀ ಬಾಯಿ ಬಿಟ್ಟಿತ್ತು. ಕಾರಣ ನಡುವಿನ ಹಿಡಿ. ಅದರ ಹಿತ್ತಾಳೆ ತಳಪಟ್ಟಿ 120 ಮಿಮೀ, ಮರದ ಎಳೆಗೆ ಅಡ್ಡವಾಗಿ ಕೂತಿದೆ, ನಾಲ್ಕು ಸ್ಕ್ರೂ ಬಿಗಿಯಾಗಿ. ಬೇಸಿಗೆಯಲ್ಲಿ ಮರ ಅಗಲಕ್ಕೆ ಕುಗ್ಗುತ್ತದೆ, ಪಟ್ಟಿ ಬಿಡುವುದಿಲ್ಲ. ಮರ ಸೀಳುತ್ತದೆ.

ಬರೀ ಅಂಟು ಹಾಕಿದರೆ ಮುಂದಿನ ಏಪ್ರಿಲ್‌ಗೆ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಅದಕ್ಕೆ ಪಟ್ಟಿಯ ಎರಡು ಹೊರ ತೂತುಗಳನ್ನು ಪಟ್ಟಿಯ ಉದ್ದಕ್ಕೇ 1 ಮಿಮೀ ಅರದಿಂದ ಹಿಗ್ಗಿಸಿದೆ. ಸ್ಕ್ರೂ ತಲೆಯ ಕೆಳಗೆ ಮುಚ್ಚಿಹೋಗುತ್ತದೆ, ಕಾಣುವುದಿಲ್ಲ. ಇದು ಮತ್ತೆ ಮೊದಲಿನಂತೆ ಮಾಡಲಾಗದ ಕೆಲಸ, ನನ್ನ ನಿಯಮಕ್ಕೆ ವಿರುದ್ಧ. ಆದರೂ ಮರ ಉಳಿಯುವುದು ಮುಖ್ಯ ಅನ್ನಿಸಿತು. ಪೂರ್ತಿ ಶುದ್ಧವಾಗಿ ಇಡಬೇಕೆನ್ನುವವರು ಒಪ್ಪಲಿಕ್ಕಿಲ್ಲ.

ಅಂಟಿಗೆ ಫೆವಿಕಾಲ್ ಬೇಡ ಎಂದುಕೊಂಡಿದ್ದೆ. ಬಡಗಿಗಳ ಹಳೇ ಅಂಟು, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು, ಹರಳಿನ ರೂಪದಲ್ಲಿ ಸಿಗುತ್ತದೆ. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಲ್ಲಿಟ್ಟು 60 ಡಿಗ್ರಿಗೆ ಕಾಯಿಸಬೇಕು. ಕುದಿಸಿದರೆ ಹಿಡಿತ ಹೋಗುತ್ತದೆ. ನಮ್ಮ ಬೀದಿ ಕೊನೆಯಲ್ಲಿ ಕೆಲಸ ಮಾಡುವ ಹಿರಿಯ ಬಡಗಿಯೊಬ್ಬರನ್ನು ಕೇಳಿದೆ.

"ಒರೆಸದೆ ಅಂಟು ಹಾಕ್ಬೇಡಿ ಸಾರ್. ಬೀಟೆ ಎಣ್ಣೆ ಮರ, ಅಂಟು ಕೂರಲ್ಲ."

"ಯಾವುದರಲ್ಲಿ ಒರೆಸಲಿ ಯಜಮಾನ್ರೆ?"

"ಸ್ಪಿರಿಟ್. ಬಟ್ಟೆ ಎಲ್ಲ ನೇರಳೆ ಆಗುತ್ತೆ, ಹೆದರ್ಬೇಡಿ."

ಹಾಗೇ ಆಯಿತು. ಸೀಳಿನೊಳಗೆ ಹಳೇ ಮೇಣ, ಧೂಳು ಗಟ್ಟಿಯಾಗಿ ಕೂತಿತ್ತು. ತೆಳು ಗರಗಸದ ಬ್ಲೇಡಿನ ಬೆನ್ನಿಂದ ಕೆದಕಿ, ಸ್ಪಿರಿಟ್‌ನಲ್ಲಿ ಒರೆಸಿದೆ. ಬಟ್ಟೆ ನೇರಳೆಯಾಯಿತು. ಬಿಸಿ ಅಂಟನ್ನು ಕಾಗದದ ಪಟ್ಟಿಯಿಂದ ಒಳಗೆ ತಳ್ಳಿ, ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮುಂದಿನ ಅಂಚಿನಲ್ಲಿ 40 ಮಿಮೀ ಪಟ್ಟಿ ಮುರಿದು ಕಳೆದುಹೋಗಿತ್ತು. ಆ ಬಡಗಿಯೇ ಹಳೇ ಮಂಚದ ಕಾಲಿನ ಬೀಟೆ ಚೂರು ಹುಡುಕಿ, ಎಳೆ ನೋಡಿ, ಅಳತೆಗೆ ಸೀಳಿ ಕೊಟ್ಟರು. 200 ರೂಪಾಯಿ. ಅಂಚಿನ ಗುಂಡಗಿನ ಆಕಾರವನ್ನು ನಾನು ಉಳಿ ಮತ್ತು ಅರದಿಂದ ತಂದೆ. ಬೀಟೆಯ ಹೊಟ್ಟು ಮೂಗಿಗೆ, ಚರ್ಮಕ್ಕೆ ಕೆಲವರಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ.

ಪಾಲಿಶ್ ವಿಷಯಕ್ಕೆ ಬಂದರೆ, ಮೊದಲು ಅಡಿಭಾಗದಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ನೋಡಿದೆ. ಮೇಲ್ಮೈ ಜಿಗುಟಾಯಿತು. ಅಂದರೆ ಹಳೆಯದು ಅರಗಿನ ಫ್ರೆಂಚ್ ಪಾಲಿಶ್. ಹಾಗಿದ್ದಾಗ ಕೆರೆದು ತೆಗೆಯುವ ಅಗತ್ಯವಿಲ್ಲ, ಹೊಸ ಅರಗು ಹಳೆಯದರೊಳಗೆ ಸೇರಿಕೊಳ್ಳುತ್ತದೆ. 100 ಮಿಲೀ ಸ್ಪಿರಿಟ್‌ಗೆ 20 ಗ್ರಾಂ ಅರಗಿನ ಚಕ್ಕೆ ಹಾಕಿ, ರಾತ್ರಿಯಿಟ್ಟು, ಪಂಚೆ ಬಟ್ಟೆಯಲ್ಲಿ ಸೋಸಿದೆ. ಹತ್ತಿ ಉಂಡೆಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿ ಹಚ್ಚಿದೆ.

ಜುಲೈ ತಿಂಗಳು, ಹೊರಗೆ ಜಿಟಿಜಿಟಿ. ಎರಡನೇ ಕೋಟಿಗೆ ಮೇಲೆಲ್ಲ ಹಾಲು ಬಣ್ಣದ ಮಂಜು. ಗಾಳಿಯ ತೇವ ಒಣಗುವ ಅರಗಿನೊಳಗೆ ಸಿಕ್ಕಿಹಾಕಿಕೊಂಡರೆ ಹೀಗಾಗುತ್ತದೆ. ಬಿಸಿಲು ಬಂದ ದಿನ, ಬರೀ ಸ್ಪಿರಿಟ್ ಸ್ವಲ್ಪ ತಾಗಿಸಿದ ಉಂಡೆಯಲ್ಲಿ ಹಗುರವಾಗಿ ಸವರಿದೆ. ಮಂಜು ಬಿಟ್ಟಿತು. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ ಎಂದು ಆ ಬಡಗಿ ಆಮೇಲೆ ಹೇಳಿದರು. ಮೊದಲೇ ಹೇಳಬಾರದಿತ್ತೇ ಅಲ್ವಾ?

ಅರಗು ಎಂದಾಗ ಮೈಸೂರಿನ ಕಾರ್ಖಾನೆ ನೆನಪಾಗುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಬರುವ ಮೈಸೂರು ಪೇಂಟ್ಸ್ 1937ರಲ್ಲಿ ಶುರುವಾದದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ, ಅಂದರೆ ಅರಗಿನ ಕಾರ್ಖಾನೆಯಾಗಿ. ಶಾಯಿ ಶುರುವಾದದ್ದು 1962ರ ಚುನಾವಣೆಗೆ.

ಹಲಗೆಯ ಮೇಲಿದ್ದ ಕಪ್ಪು ಮಸಿ ಕಲೆಗಳನ್ನು ತೆಗೆಯಲಿಲ್ಲ. ಆಕ್ಸಾಲಿಕ್ ಹಾಕಿದರೆ ಹೋಗುತ್ತಿತ್ತು, ಸುತ್ತಲಿನ ಮರವೂ ಬೆಳ್ಳಗಾಗುತ್ತಿತ್ತು. ದೌತಿ ಸ್ಟ್ಯಾಂಡಿನ ಮೇಲೆ ಮಸಿ ಕಲೆ ಇದ್ದರೆ ಏನು ನಷ್ಟ?

ಹಂತ 6: ಗಾಜಿಗೆ ಬಳೆ ಕೂರಿಸುವುದು

ಕತ್ತಿನ ಹೊರ ವ್ಯಾಸ 33, ಬಳೆಯ ಒಳ ವ್ಯಾಸ 37. ಸುತ್ತ 2 ಮಿಮೀ ಸಂದು. ಪ್ಲಾಸ್ಟರ್ ಆಫ್ ಪ್ಯಾರಿಸ್ 20 ಗ್ರಾಂ, ನೀರು 13 ಮಿಲೀ. ನೀರಿಗೆ ಪುಡಿ ಉದುರಿಸಿ, ನೆನೆಯಲು ಬಿಟ್ಟು, ಆಮೇಲೆ ಕಲಸಬೇಕು. ಬೇಗ ಬೇಗ ಕಲಸಿದರೆ ಗಾಳಿ ಗುಳ್ಳೆ ಬರುತ್ತದೆ, ಗಟ್ಟಿಯೂ ಬೇಗ ಆಗುತ್ತದೆ. ಐದಾರು ನಿಮಿಷ ಮಾತ್ರ ಕೈಯಲ್ಲಿರುತ್ತದೆ.

ಎಡಗಡೆಯದು ಸರಿಯಾಗಿ ಕೂತಿತು. ಬಲಗಡೆಯದು ಕೂರಿಸಿ ಒಣಗಿದ ಮೇಲೆ ನೋಡಿದರೆ ಕೀಲು ಹಿಂದಕ್ಕಲ್ಲ, ಮೂಲೆಗೆ ತಿರುಗಿದೆ. ಮುಚ್ಚಳ ತೆಗೆದರೆ ನಡುವಿನ ಹಿಡಿಗೆ ತಾಗುತ್ತದೆ. ದೌತಿಯನ್ನು ಗುಳಿಯಲ್ಲಿಟ್ಟು ದಿಕ್ಕು ನೋಡಿ ಕೂರಿಸಬೇಕಿತ್ತು, ನಾನು ಮೇಜಿನ ಮೇಲೆ ಕೂರಿಸಿದ್ದೆ. ಎಪಾಕ್ಸಿ ಆಗಿದ್ದರೆ ಮತ್ತೆ ಪಾತ್ರೆ, ಒಲೆ, ಥರ್ಮಾಮೀಟರ್. ಇದು ಪ್ಲಾಸ್ಟರ್. ನೀರಲ್ಲಿ ಮುಳುಗಿಸಿ ಮಲಗಿದೆ, ಬೆಳಗ್ಗೆ ಕೆದಕಿ ತೆಗೆದೆ, ತಿಂಡಿ ತಿಂದು ಮತ್ತೆ ಕಲಸಿದೆ. ಈ ಸಲ ಗುಳಿಯಲ್ಲೇ ಇಟ್ಟು, ಕತ್ತಿಗೂ ಹಲಗೆಗೂ ಪೆನ್ಸಿಲ್ ಗುರುತು ಹಾಕಿ.

ಒಂದು ವಾರ ಒಣಗಿದ ಮೇಲೆ ಪ್ಲಾಸ್ಟರ್ ಕಾಣುವ ಅಂಚಿಗೆಲ್ಲ ಅದೇ ಅರಗಿನ ದ್ರಾವಣವನ್ನು ಸಣ್ಣ ಬ್ರಷ್‌ನಿಂದ ಮೂರು ಕೋಟು ಹಚ್ಚಿದೆ. ಇಲ್ಲದಿದ್ದರೆ ಮಸಿ ಚೆಲ್ಲಿದಾಗ ಪ್ಲಾಸ್ಟರ್ ಕುಡಿದುಬಿಡುತ್ತದೆ. ಯಾರಿಗಾದರೂ ಮುಂದೆ ಬಿಚ್ಚಬೇಕಾದರೆ ಮೊದಲು ಸ್ಪಿರಿಟ್, ಆಮೇಲೆ ನೀರು.

ಬಲಗಡೆ ದೌತಿ ಗುಳಿಗಿಂತ 5 ಮಿಮೀ ಚಿಕ್ಕದಲ್ಲವೇ, ಅದಕ್ಕೆ ರಟ್ಟಿನ ಬದಲು ಬೆಂಡಿನ ತೆಳು ಹಾಳೆ ಸುತ್ತ ಇಟ್ಟಿದ್ದೇನೆ. ಅಂಟಿಸಿಲ್ಲ. 54 ಮಿಮೀ ಕೊರೆದ ಗಾಜಿನ ದೌತಿ ಎಲ್ಲಾದರೂ ಸಿಕ್ಕರೆ ಬದಲಾಯಿಸಬಹುದು.

ಹಂತ 7: ಅಡಿಗೆ ಬಟ್ಟೆ

ಅಡಿಯಲ್ಲಿದ್ದ ಹಸಿರು ಉಣ್ಣೆ ಬಟ್ಟೆ ನುಸಿ ತಿಂದು ಜಾಲರಿಯಾಗಿತ್ತು. ಹೊಸ ಫೆಲ್ಟ್ ತಂದೆ. ಅಂಟಿಗೆ ಮೈದಾ ಗಂಜಿ, ಗಟ್ಟಿಯಾಗಿ ಕಾಯಿಸಿದ್ದು, ಒಂದು ಚಿಟಿಕೆ ಮೈಲುತುತ್ತ ಸೇರಿಸಿ. ಪುಸ್ತಕದ ಬೈಂಡಿಂಗ್‌ನವರ ವಿಧಾನ ಇದು, ಹುಳ ಬರುವುದಿಲ್ಲ. ಗಂಜಿ ತೆಳುವಾದರೆ ಬಟ್ಟೆಯಿಂದ ಹೊರಗೆ ಇಣುಕುತ್ತದೆ. ಮರದ ಮೇಲೆ ಮಾತ್ರ ಹಚ್ಚಬೇಕು, ಬಟ್ಟೆಗಲ್ಲ. ಒಣಗಿದ ಮೇಲೆ ಅಂಚು ಕತ್ತರಿಸಿದೆ.

ಖರ್ಚು

ಸ್ಟ್ಯಾಂಡಿಗೆ 1,800. ಆಕ್ಸಾಲಿಕ್ 140, ಬ್ಯಾಟರಿ ನೀರು 30, ಅಸಿಟೋನ್ 220, ಥರ್ಮಾಮೀಟರ್ 350, ಹಿತ್ತಾಳೆ ತಂತಿ 60, ಪ್ಲಾಸ್ಟರ್ 50, ಅರಗು 180, ಸ್ಪಿರಿಟ್ 150, ಬಡಗಿ ಅಂಟು 90, ಫೆಲ್ಟ್ 120, ಬೀಟೆ ಚೂರು ಮತ್ತು ಕೂಲಿ 200. ಒಟ್ಟು 3,390 ರೂಪಾಯಿ. ಅಸಿಟೋನ್ ತರದಿದ್ದರೂ ನಡೆಯುತ್ತಿತ್ತು. ಬಚ್ಚಲ ಆಸಿಡ್, ಸೀಮೆಎಣ್ಣೆ, ಮೈದಾ, ಮೈಲುತುತ್ತ ಮನೆಯಲ್ಲೇ ಇತ್ತು.

ಇನ್ನೂ ಉಳಿದಿರುವುದು

ಇದರ ಜೊತೆಗೇ ಒಂದು ತೊಟ್ಟಿಲು ಬ್ಲಾಟರ್ ಬಂದಿತ್ತು, ಮೇಲೆ ಗುಬುಟು, ಕೆಳಗೆ ಬಾಗಿದ ಹಲಗೆ. ಗುಬುಟಿನ ಮರೆ (ತಿರುಪಿನ ಸುತ್ತು) ಸವೆದಿದೆ, ತಿರುಗಿಸಿದರೆ ಬಿಗಿಯಾಗದು. ಬೀಟೆ ಕಡ್ಡಿ ತುಂಬಿಸಿ ಮತ್ತೆ ಮರೆ ಕೊರೆಯಬೇಕು. ಅದಕ್ಕೆ ಹಾಕುವ, ಮಸಿ ಹೀರುವ ಒತ್ತುಕಾಗದ ಆವೆನ್ಯೂ ರಸ್ತೆಯಲ್ಲಿ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. ಎಲ್ಲಾದರೂ ದಪ್ಪ ಒತ್ತುಕಾಗದ ಸಿಗುವ ಜಾಗ ಗೊತ್ತಿದ್ದರೆ ತಿಳಿಸಿ.

ದೌತಿಗೆ ಈಗ ಹಾಕಿರುವುದು ಫೌಂಟನ್ ಪೆನ್ನಿನ ಸಾದಾ ನೀಲಿ ಶಾಯಿ, ನೀರಲ್ಲಿ ತೊಳೆದರೆ ಹೋಗುವಂಥದ್ದು. ಕಬ್ಬಿಣದ ಮಸಿ ಹಾಕುವುದಿಲ್ಲ, ಹಿತ್ತಾಳೆಗೂ ನಿಬ್ಬಿಗೂ ಅದು ಹುಳಿ. ಬರೆದು ಮುಗಿದ ಮೇಲೆ ಚೊಕ್ಕಟ ಮಾಡಿ ಇಡುತ್ತೇನೆ.

ಹೊರದೇಶದಲ್ಲಿರುವ ನಮ್ಮವರು ಇಂಥದ್ದನ್ನು ಇಲ್ಲಿ ಕೊಂಡು ಒಯ್ಯುವ ಯೋಚನೆ ಮಾಡಿದರೆ, ಎರಡು ಕಾನೂನು ನೋಡಿಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಸ್ತುವನ್ನು ನಾವಾಗಿ ದೇಶದ ಹೊರಗೆ ಕಳಿಸುವಂತಿಲ್ಲ. ಬೀಟೆ ಮರ 2017ರಿಂದ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ. ಮಾರುವವರು "ಏನೂ ಆಗಲ್ಲ, ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗಿ" ಎನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳುವವರು ನೀವು.